ಗೋಡೆಯ ಬುಡದ ಕಿಂಡಿ

ಪೋರ್ತೊ

ಪೋರ್ತೊ ವಿಮಾನ ನಿಲ್ದಾಣದಲ್ಲಿ ಎಲ್ಲರ ಪೆಟ್ಟಿಗೆ ಬಂತು, ನನ್ನದು ಬರಲಿಲ್ಲ. ತಿರುಗುವ ಪಟ್ಟಿಯ ಮೇಲೆ ಕೊನೆಗೆ ಯಾರೋ ಮರೆತ ಕೊಡೆಯೊಂದು ಉಳಿಯಿತು. ಅದು ಐದಾರು ಸುತ್ತು ಬರುವವರೆಗೂ ನಿಂತು ನೋಡಿದೆ.

"ಸಾಕ್ ಬಾ ಜಲಜ," ಎಂದರು ಸಾವ್ಕಾರರು. "ಅದ್ರೊಳ್ಗೆ ಎಂತ ಇದ್ದಿತ್? ನಾಕ್ ಸೀರೆ ಅಲ್ದಾ?"

ನಾಲ್ಕು ಸೀರೆಯೇ ಇದ್ದದ್ದು. ಜೊತೆಗೆ ಒಂದು ಸ್ವೆಟರ್, ಅವಲಕ್ಕಿ, ಮಾವಿನ ಮಿಡಿಯ ಉಪ್ಪಿನಕಾಯಿ, ರಬ್ಬರ್ ಚಪ್ಪಲಿ. ಅವರ ಎರಡು ಪೆಟ್ಟಿಗೆ ಬಂದಿದ್ದವು, ಅವರ ಅಳಿಯ ನಿತಿನನ ಪೆಟ್ಟಿಗೆಯೂ ಬಂದಿತ್ತು. ಆ ಮೂರನ್ನೂ ತಳ್ಳುಗಾಡಿಗೆ ಏರಿಸಿ ತಳ್ಳಿದವಳು ನಾನು. ಆವತ್ತು ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ. ಪ್ರವಾಸಕ್ಕೆ ಹೋಗಿ ಬಂದವರು ಕಣ್ಣು ತುಂಬಿಕೊಂಡು ಬಂದೆವು ಎಂದು ಬರೆಯುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಬಂದವಳು. ಅದನ್ನೇ ಬರೆಯುತ್ತೇನೆ.

ನಾನು ಕುಂದಾಪುರದ ಕೋಡಿಯವಳು. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವಳು. ಗಂಗೊಳ್ಳಿಯ ಮೀನು ಶೆಡ್ಡಿನಲ್ಲಿ ಹನ್ನೊಂದು ವರ್ಷ ದುಡಿದು, ಆಮೇಲೆ ಬ್ರಹ್ಮಾವರದ ಒಳಗಡೆ ನಮ್ಮ ಸಾವ್ಕಾರರು ಹಣ್ಣಿನ ವೈನ್ ಮಾಡುವ ಘಟಕ ತೆರೆದಾಗ ಅಲ್ಲಿ ಸೂಪರ್‌ವೈಸರ್ ಆಗಿ ಸೇರಿದೆ. ಬೇಸಿಗೆಯಲ್ಲಿ ಗೇರುಹಣ್ಣು, ಉಳಿದ ಕಾಲಕ್ಕೆ ಅನಾನಸು. ಈ ಪ್ರವಾಸ ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಯಂತ್ರ ಮಾರುವ ಮುಂಬಯಿಯ ವ್ಯಾಪಾರಿಯೊಬ್ಬ, "ಪೋರ್ಚುಗಲ್ಲಿಗೆ ಬಂದು ಅಲ್ಲಿನ ವೈನ್ ಕಾರ್ಖಾನೆ ನೋಡಿ, ಕೆಲಸ ಗೊತ್ತಿದ್ದವರೊಬ್ಬರನ್ನು ಕರೆತನ್ನಿ" ಎಂದು ಸಾವ್ಕಾರರನ್ನು ಕರೆದಿದ್ದ. ಕೆಲಸ ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಕೋಡಿಯ ಜಲಜ ವಿಮಾನ ಹತ್ತಿದಳು.

ಹೋಟೆಲಿನ ಬಾಗಿಲಲ್ಲಿ ಮಳೆ ಸುರಿಯುತ್ತಿತ್ತು. ನಮ್ಮ ಆಷಾಢದ ಮಳೆಯ ಹಾಗೆ ನೇರ ಬೀಳುವುದಲ್ಲ, ಓರೆಯಾಗಿ ಮುಖಕ್ಕೆ ಹೊಡೆಯುವ ತಣ್ಣನೆಯ ಮಳೆ. ಸೀರೆಯ ಅಂಚು ಒದ್ದೆ, ಕಾಲು ಮರಗಟ್ಟಿತ್ತು. ಅಲ್ಲಿ ನೆಲ ಒರೆಸುತ್ತಿದ್ದ ಮುದುಕಿ ನನ್ನ ಕಾಲು ನೋಡಿದಳು, ಒಳಗೆ ಹೋದಳು, ಒಂದು ಜೊತೆ ಉಣ್ಣೆಯ ಕಾಲುಚೀಲ ಮತ್ತು ಗಂಡಸರ ಬೂಟು ತಂದು ಕೈಗಿಟ್ಟಳು. ನನಗೆ ಅವಳ ಭಾಷೆ ಬಾರದು. ಅವಳಿಗೆ ನನ್ನದು ಬಾರದು. ಸಾವ್ಕಾರರು ಅದನ್ನು ಕಂಡು ನಕ್ಕರು. "ಸೀರೆಗೆ ಬೂಟ್! ಫೋಟೋ ತೆಗಿ ನಿತಿನಾ."

ನಿತಿನ ತೆಗೆದ. ಅವನು ಮುಂಬಯಿಯಲ್ಲಿ ಓದಿದ ಆರ್ಕಿಟೆಕ್ಟು. ನಮ್ಮ ಘಟಕದ ನಕ್ಷೆ ಬರೆದವನೂ ಅವನೇ.

ಸಂಜೆ ಬೀದಿಯಲ್ಲಿ ಬೂತಾಯಿ ಮೀನು ಸುಡುವ ವಾಸನೆ. ಕೆಂಡದ ಮೇಲೆ ಇಡೀ ಮೀನು, ಮೇಲೆ ಉಪ್ಪುಹರಳು, ಅಷ್ಟೇ. ಮಸಾಲೆ ಇಲ್ಲದ ಮೀನನ್ನು ತಿನ್ನುವುದು ಹೇಗೆ ಎಂದುಕೊಂಡೆ, ಮೂರು ತಿಂದೆ. ಇವರ ಅಜ್ಜಂದಿರು ಹಡಗು ಹತ್ತಿ ಬಂದು ನಮ್ಮ ಬಸ್ರೂರಿನ ಅಕ್ಕಿ ಹೊತ್ತುಕೊಂಡು ಹೋದವರು. ಅದರ ಬದಲಿಗೆ ಮೂರು ಬೂತಾಯಿ ಏನೂ ಹೆಚ್ಚಲ್ಲ.

ಹೊಳೆ ಬದಿಯ ರೈಲು

ಮರುದಿನ ಬೆಳಿಗ್ಗೆ ಡೌರೊ ಹೊಳೆಯ ಬದಿಯಲ್ಲಿ ರೈಲು. ಎರಡೂ ದಡದಲ್ಲಿ ಕಡಿದಾದ ಗುಡ್ಡ, ಗುಡ್ಡದ ಮೈತುಂಬ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಮೆಟ್ಟಿಲು ತೋಟ. ನನ್ನ ಎದುರಿಗೆ ಕೂತಿದ್ದ ರೈತನೊಬ್ಬ ಮಡಚುವ ಚಾಕು ತೆಗೆದು ರೊಟ್ಟಿ ಕೊಯ್ದ, ಚೀಸು ಕೊಯ್ದ, ಸೇಬು ಕೊಯ್ದ, ಕೊನೆಗೆ ಅದೇ ಚಾಕುವಿನಿಂದ ಹಲ್ಲು ಸಂದಿ ಕೆರೆದುಕೊಂಡ. ನನಗೂ ಒಂದು ಹೋಳು ಚಾಚಿದ. ನಾನು ಚಾಕು ಹಲ್ಲಿಗೆ ಹೋಗುವ ಮೊದಲೇ ತೆಗೆದುಕೊಂಡಿದ್ದೆ, ಪುಣ್ಯ.

ಸಾವ್ಕಾರರು ಕಿಟಕಿಯಿಂದ ಗುಡ್ಡದ ಮೇಲಿನ ಬಿಳಿ ಬಂಗಲೆಗಳ ಫೋಟೋ ತೆಗೆಯುತ್ತಿದ್ದರು. "ನಿತಿನಾ, ಆ ಕಮಾನ್ ಕಂಡ್ಯಾ? ನಮ್ ಹಾಲಿಗೆ ಅಂಥದ್ದೇ ಬೇಕ್. ನೀಲಿ ಟೈಲ್ಸ್, ಎದ್ರಿಗೆ ಕಾರಂಜಿ."

ಹಾಲು ಎಂದರೆ ಅತಿಥಿಗಳು ಕೂತು ವೈನಿನ ರುಚಿ ನೋಡುವ ಜಾಗ. ನಮ್ಮ ಘಟಕದಲ್ಲಿ ಅದಕ್ಕೆ ಮುಕ್ಕಾಲು ಜಾಗ. ಉಳಿದ ಕಾಲು ಭಾಗದಲ್ಲಿ ನಾವು ಹನ್ನೆರಡು ಜನ.

ಅಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಹಣ್ಣಿನ ಲಾರಿ ಬಂದು ನಿಲ್ಲುವ ಬಾಗಿಲೂ ಒಂದೇ, ತುಂಬಿದ ಬಾಟಲಿ ಹೊರಗೆ ಹೋಗುವ ಬಾಗಿಲೂ ಅದೇ. ಗೇರುಹಣ್ಣಿನ ಬುಟ್ಟಿ ಹೊತ್ತ ಹೆಂಗಸರೂ ಬಾಟಲಿ ಪೆಟ್ಟಿಗೆ ಹೊತ್ತ ಗಂಡಸರೂ ಎದುರುಬದುರಾಗಿ, ಅಂಟು ರಸ ಚೆಲ್ಲಿದ ನೆಲದ ಮೇಲೆ. ನೆಲ ತೊಳೆದರೆ ನೀರು ಚರಂಡಿಯ ಕಡೆ ಹೋಗುವುದಿಲ್ಲ, ಬಾಟಲಿ ಕೋಣೆಗೆ ಹೋಗುತ್ತದೆ. ರಸ ಹುಳಿಯುವ ದೊಡ್ಡ ಟ್ಯಾಂಕುಗಳು ಮಾತ್ರ ಕೆಳಗೆ, ಪಾತಾಳದಲ್ಲಿ. ಅಲ್ಲಿ ಹಿಂದೆ ಮನೆ ಕಟ್ಟುವ ಮುರಕಲ್ಲು ಕಡಿಯುತ್ತಿದ್ದ ಕೋರೆಯ ಹೊಂಡವಿತ್ತು. "ಯುರೋಪಿನಲ್ಲಿ ವೈನ್ ನೆಲದಡಿ ಇಡುತ್ತಾರೆ, ನಮಗೆ ಹೊಂಡ ತಯಾರಿದೆ" ಎಂದು ಸಾವ್ಕಾರರು ಅದಕ್ಕೇ ಮೇಲೆ ಚಪ್ಪಡಿ ಹಾಕಿಸಿದ್ದರು. ಇಪ್ಪತ್ತೆರಡು ಮೆಟ್ಟಿಲು, ಮೇಲೊಂದು ಬಾಗಿಲು. ಕಿಟಕಿ ಇಲ್ಲ. ಹಣ್ಣು ಹೊತ್ತು ಇಳಿಯಬೇಕು, ಹಿಂಡಿದ ಹಿಪ್ಪೆ ಹೊತ್ತು ಹತ್ತಬೇಕು.

ಗಂಗೊಳ್ಳಿಯ ಮೀನಿನ ಶೆಡ್ಡಿನಲ್ಲಿ ಕೂಡ ಮೀನು ಬರುವ ಬಾಗಿಲು ದೋಣಿ ನಿಲ್ಲುವ ದಕ್ಕೆಯ ಬದಿಗೆ, ಹೋಗುವ ಬಾಗಿಲು ರಸ್ತೆಯ ಬದಿಗೆ. ನೆಲಕ್ಕೆ ಇಳಿಜಾರು. ಅದನ್ನು ಕಟ್ಟಿದವನು ಓದಿದವನಲ್ಲ, ಮೀನು ಹೊತ್ತವನು. ನಾನು ಇದನ್ನು ಮೊದಲ ವಾರವೇ ಸಾವ್ಕಾರರಿಗೆ ಹೇಳಿದ್ದೆ. "ಮೀನಿನ್ ಶೆಡ್ ಬೇರೆ, ವೈನರಿ ಬೇರೆ" ಎಂದಿದ್ದರು.

ಆ ಹೊಂಡದಲ್ಲಿ ಶೀನಣ್ಣ ಸತ್ತ.

ಬೈಂದೂರು ಕಡೆಯವನು. ಐವತ್ತರ ಆಸುಪಾಸು, ಸಣ್ಣ ಆಳು, ಕೆಲಸದಲ್ಲಿ ನಿಧಾನ, ಬಲು ಜಾಗ್ರತೆ. ಪ್ರವಾಸಕ್ಕೆ ಎರಡು ವರ್ಷ ಮೊದಲು, ಗೇರುಹಣ್ಣಿನ ದಿನಗಳಲ್ಲಿ, ಎರಡು ದಿನ ರಜೆಯೆಂದು ಬಾಗಿಲು ಹಾಕಿದ್ದೆವು. ಮೂರನೆಯ ಬೆಳಿಗ್ಗೆ ನಾನೇ ಹೇಳಿದೆ, "ಶೀನಣ್ಣ, ಕೆಳ್ಗ್ ಹೋಯಿ ಟ್ಯಾಂಕ್ ಒಂಚೂರ್ ಕಂಡ್ಕಂಡ್ ಬನ್ನಿ." ಅವನು ಮಾದರಿ ತೆಗೆಯುವ ಜಗ್ಗು ಹಿಡಿದು ಇಳಿದ. ಬರಲಿಲ್ಲ. ಕೂಗಿದೆ. ನಾನೂ ಇಳಿದೆ. ಕೊನೆಯ ಮೆಟ್ಟಿಲುಗಳ ಹತ್ತಿರ ಅವನು ಕವುಚಿ ಬಿದ್ದದ್ದು ಕಂಡಿತು. ನನ್ನ ತಲೆ ಗಿರ್ರೆಂದಿತು, ಮೊಣಕಾಲು ಸೋತಿತು. ಹೆದರಿಕೆಗೆ ಹಾಗಾಯಿತು ಎಂದುಕೊಂಡು ಗೋಡೆ ಹಿಡಿದು ಮೇಲೆ ಬಂದೆ. ಜಾರುವ ಮೆಟ್ಟಿಲಿಗೆ ಹೆದರಿ ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವನನ್ನು ಎತ್ತಿ ತರುವಾಗ ಉಸಿರು ಇರಲಿಲ್ಲ. ಜಗ್ಗು ಚೆಲ್ಲಿ ಅವನ ಅಂಗಿಯೆಲ್ಲ ವೈನಿನ ವಾಸನೆ.

ಸಾವ್ಕಾರರು ಬಂದು ಬಗ್ಗಿ ಮೂಸಿದರು. "ಕುಡ್ದಿದ," ಎಂದರು.

ಅಷ್ಟೇ. ಅದೇ ಮಾತು ಊರಿಗೆ ಹೋಯಿತು. ಹೆಣ ಕೊಯ್ಯಿಸುವುದು ಬೇಡ, ಮರ್ಯಾದೆಯ ಪ್ರಶ್ನೆ ಎಂದು ಸಾವ್ಕಾರರೇ ಕಾರು ಕೊಟ್ಟು ಮನೆಗೆ ಕಳಿಸಿದರು. ಎಲ್ಲರೂ ಅವರನ್ನು ಹೊಗಳಿದರು. ಶೀನಣ್ಣ ಕುಡಿದದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಆದರೂ ಬಾಯಿ ಬಿಡಲಿಲ್ಲ. ಆವತ್ತು ಕುಡಿದಿದ್ದರೂ ಇರಬಹುದು ಎಂದುಕೊಂಡೆ. ಹಾಗೆ ಅಂದುಕೊಂಡರೆ ಅವನನ್ನು ಕೆಳಗೆ ಕಳಿಸಿದವಳ ಎದೆ ಸ್ವಲ್ಪ ಹಗುರವಾಗುತ್ತಿತ್ತು.

ಗುಡ್ಡದ ನೆತ್ತಿ

ಕಾರ್ಖಾನೆಗೆ ಹೋಗುವ ಜೀಪು ಮೇಲೆ ಮೇಲೆ ಹತ್ತಿತು. ಹೊಳೆಯ ಬದಿಯ ರಸ್ತೆಯಲ್ಲೇ ಒಂದು ಗೇಟು ಕಂಡಿತ್ತು. ಅಲ್ಲಿ ನಿಲ್ಲಿಸದೆ ನೆತ್ತಿಗೆ ಯಾಕೆ ಒಯ್ಯುತ್ತಾರೆ ಎಂದು ಸಾವ್ಕಾರರು ಗೊಣಗಿದರು.

ನೆತ್ತಿಯಲ್ಲಿ ನಮಗಾಗಿ ಕಾದಿದ್ದವಳು ಫಿಲೋಮೆನಾ. ಎತ್ತರದ ಗಟ್ಟಿ ಹೆಂಗಸು, ನೆರೆತ ಕೂದಲು, ರಬ್ಬರ್ ಬೂಟು. ಆ ಕಾರ್ಖಾನೆಯ ನೆಲಮಾಳಿಗೆಯ ಉಸ್ತುವಾರಿ ಅವಳದು. ಮೊದಲು ಸಾವ್ಕಾರರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದಳು. ನಡುವೆ ತಿರುಗಿ ನನ್ನ ಸೀರೆ, ಬೂಟು ನೋಡಿದಳು. "ಗೋವಾದವಳಾ?" ಎಂದು ಕೊಂಕಣಿಯಲ್ಲಿ ಕೇಳಿದಳು.

ಗಂಗೊಳ್ಳಿಯ ಶೆಡ್ಡಿನಲ್ಲಿ ಹನ್ನೊಂದು ವರ್ಷ ಮನೆಮಾತು ಕೊಂಕಣಿಯ ಖಾರ್ವಿ ಮೀನುಗಾರರ ಜೊತೆ ದುಡಿದವಳಿಗೆ ಕೊಂಕಣಿ ಬಾರದೆ ಇರುತ್ತದೆಯೆ? ಅವಳ ಕೊಂಕಣಿ ಬೇರೆ ಜಾತಿಯದು, ಅರ್ಧ ಪೋರ್ಚುಗೀಸು. ಆದರೂ ಹತ್ತು ನಿಮಿಷದಲ್ಲಿ ಹೊಂದಿಕೊಂಡಿತು. ಮಡಗಾಂವ್ ಹತ್ತಿರದ ಹುಡುಗಿಯಾಗಿದ್ದಾಗ ಮದುವೆಯಾಗಿ ಈ ದೇಶಕ್ಕೆ ಬಂದವಳಂತೆ. ಅಲ್ಲಿಂದ ಮುಂದೆ ಅವಳು ಸಾವ್ಕಾರರಿಗೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರೆ ನನಗೆ ಕೊಂಕಣಿಯಲ್ಲಿ ಹತ್ತು ಹೇಳಿದಳು.

ಅಲ್ಲಿ ದ್ರಾಕ್ಷಿ ಗಾಡಿ ಗುಡ್ಡದ ನೆತ್ತಿಗೇ ಬಂದು ನಿಲ್ಲುತ್ತದೆ. ಅಲ್ಲಿಂದ ಹಣ್ಣು ಕೆಳಗಿನ ಅಂತಸ್ತಿಗೆ ತಾನೇ ಜಾರುತ್ತದೆ, ಅಲ್ಲಿ ಹಿಂಡುತ್ತಾರೆ. ರಸ ಇನ್ನೂ ಕೆಳಗಿನ ಟ್ಯಾಂಕಿಗೆ ತಾನೇ ಇಳಿಯುತ್ತದೆ. ಹಿಪ್ಪೆ ಪಕ್ಕದ ಬಾಗಿಲಿನಿಂದ ನೇರ ತೋಟಕ್ಕೆ. ವೈನು ಮತ್ತೂ ಕೆಳಗೆ ಮರದ ಪೀಪಾಯಿಗೆ. ಕೊನೆಗೆ ಬಾಟಲಿಗೆ ತುಂಬಿ, ಹೊಳೆಯ ಬದಿಯ ಆ ಗೇಟಿನಿಂದ ಲಾರಿಗೆ. ಒಬ್ಬನೂ ಭಾರ ಹೊತ್ತು ಮೆಟ್ಟಿಲು ಹತ್ತುವುದಿಲ್ಲ. ಬಂದ ದಾರಿಗೂ ಹೋಗುವ ದಾರಿಗೂ ಭೇಟಿಯೇ ಇಲ್ಲ.

"ಯಾರು ಇದನ್ನು ಯೋಚಿಸಿದ್ದು?" ಎಂದೆ.

"ಯಾರೋ ಅಜ್ಜ. ಅವನಿಗೆ ಬೆನ್ನು ನೋವಿತ್ತು ಅಂತ ಕಾಣುತ್ತದೆ," ಎಂದು ನಕ್ಕಳು ಫಿಲೋಮೆನಾ.

ನನಗೆ ನಗು ಬರಲಿಲ್ಲ. ನಮ್ಮ ಘಟಕವಿರುವುದೂ ಗುಡ್ಡದ ಇಳಿಜಾರಿನಲ್ಲೇ. ಮೇಲೆ ಒಂದು ರಸ್ತೆ, ಕೆಳಗೆ ಗದ್ದೆಯ ಬದಿಯಲ್ಲಿ ಇನ್ನೊಂದು. ದೇವರು ಅಷ್ಟು ಚಂದದ ಇಳಿಜಾರು ಕೊಟ್ಟಿದ್ದ. ನಾವು ಅದನ್ನು ತಲೆಕೆಳಗು ಮಾಡಿದೆವು. ಎಂಟು ಹೆಂಗಸರ ಸೊಂಟ ಮುರಿದದ್ದು ಆ ಇಳಿಜಾರಿನ ಮೇಲೆ. ನಕ್ಷೆಯಲ್ಲಿ ಎರಡು ಗೆರೆ ಬೇರೆ ಕಡೆ ಎಳೆದಿದ್ದರೆ ಸಾಕಿತ್ತು. ಸಾವ್ಕಾರರು ಆ ಹೊತ್ತಿಗೆ ಹೂಬಳ್ಳಿಯ ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನೆಲಮಾಳಿಗೆ

ಟ್ಯಾಂಕುಗಳಿದ್ದ ಅಂತಸ್ತಿಗೆ ಇಳಿಯುವ ಮೊದಲು ಫಿಲೋಮೆನಾ ಬಾಗಿಲಲ್ಲಿ ನಿಂತಳು. ಸೊಂಟದಲ್ಲಿ ಒಂದು ಸಣ್ಣ ಯಂತ್ರ ಇತ್ತು, ಅದನ್ನು ನೋಡಿದಳು. ಆಮೇಲೆ ಗೋಡೆಯ ಗೂಡಿನಿಂದ ಉದ್ದ ಕೋಲಿಗೆ ಕಟ್ಟಿದ ಮೇಣದಬತ್ತಿ ತೆಗೆದು ಹಚ್ಚಿದಳು.

"ಪೂಜೆಯಾ?" ಎಂದರು ಸಾವ್ಕಾರರು.

"ನನ್ನ ಮಾವನ ಕಾಲದ್ದು. ಈಗ ಇದನ್ನು ನಂಬುವುದಿಲ್ಲ, ಯಂತ್ರ ಇದೆ. ಬಂದವರಿಗೆ ತೋರಿಸಲಿಕ್ಕೆ ಇಟ್ಟಿದ್ದೇನೆ." ಅವಳು ಮೂಲೆಯ ಒಂದು ತೆರೆದ ತೊಟ್ಟಿಯ ಹತ್ತಿರ ಹೋದಳು. ರಸ ಬುರುಬುರು ನೊರೆ ಎಬ್ಬಿಸುತ್ತಿತ್ತು. ಕೋಲನ್ನು ತೊಟ್ಟಿಯೊಳಗೆ ಮೆಲ್ಲನೆ ಇಳಿಸಿದಳು. ರಸಕ್ಕೆ ಇನ್ನೂ ಒಂದು ಮೊಳ ಇರುವಾಗಲೇ ದೀಪ ಆರಿಹೋಯಿತು. ಗಾಳಿ ಇಲ್ಲ, ಯಾರೂ ಊದಲಿಲ್ಲ.

"ಪಳೆ ಬಾಯೆ," ಎಂದಳು ನನಗೆ. ನೋಡು ಎಂದು. "ರಸ ಹುಳಿಯುವಾಗ ಒಂದು ಅನಿಲ ಬಿಡುತ್ತದೆ. ಕಣ್ಣಿಗೆ ಕಾಣದು. ಗಾಳಿಗಿಂತ ಭಾರ. ನೀರಿನ ಹಾಗೆ ತಗ್ಗಿಗೆ ಹೋಗಿ ತುಂಬಿಕೊಳ್ಳುತ್ತದೆ. ದೀಪ ಆರಿದಲ್ಲಿ ಮನುಷ್ಯನೂ ಆರುತ್ತಾನೆ. ಕೆಲವೇ ಉಸಿರು ಸಾಕು. ಮೊದಲು ತಲೆ ತಿರುಗುತ್ತದೆ, ಆಮೇಲೆ ಮೊಣಕಾಲು ಸೋಲುತ್ತದೆ."

ನಾನು ಗೋಡೆ ಹಿಡಿದೆ.

"ಅದಕ್ಕೇ ಟ್ಯಾಂಕಿನ ಕೋಣೆಯನ್ನು ಯಾರೂ ಹೊಂಡದಲ್ಲಿ ಕಟ್ಟುವುದಿಲ್ಲ. ಕಟ್ಟಿದರೂ ಇದಿಲ್ಲದೆ ಕಟ್ಟುವುದಿಲ್ಲ." ಅವಳು ಬೂಟಿನ ತುದಿಯಿಂದ ಗೋಡೆಯ ಬುಡ ತೋರಿಸಿದಳು. ನೆಲಕ್ಕೆ ತಾಗಿಕೊಂಡು ಸಾಲಾಗಿ ಕಿಂಡಿಗಳು. ಒಂದೊಂದೂ ನಮ್ಮ ಎರಡು ಮುರಕಲ್ಲಿನಷ್ಟು ಅಗಲ. ಹೊರಗೆ ಇಳಿಜಾರು, ತೋಟ, ಬೆಳಕು. ಇಲಿ ಬಾರದ ಹಾಗೆ ಜಾಲರಿ. ಕೊನೆಯ ಕಿಂಡಿಯಲ್ಲಿ ಒಂದು ಫ್ಯಾನು ತಿರುಗುತ್ತಿತ್ತು. ನಾನು ಬಗ್ಗಿ ಕೈ ಇಟ್ಟೆ. ಗಾಳಿ ನನ್ನ ಬೆರಳುಗಳನ್ನು ಸವರಿಕೊಂಡು ಹೊರಗೆ ಹೋಗುತ್ತಿತ್ತು.

"ಬಾಗಿಲು ಎರಡು ದಿನ ಮುಚ್ಚಿದ್ದರೆ?" ಎಂದೆ.

"ಕಿಂಡಿ ಇಲ್ಲದ ಕೋಣೆಯಾ? ಕೆರೆಯ ಹಾಗೆ ತುಂಬಿರುತ್ತದೆ. ಈಜು ಬಂದರೂ ಉಪಯೋಗವಿಲ್ಲ." ಅವಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾರು?" ಎಂದು ಮೆಲ್ಲಗೆ ಕೇಳಿದಳು.

ನಾನು ಶೀನಣ್ಣನ ಹೆಸರು ಹೇಳಿದೆ. ಅಂಗಿಯ ವಾಸನೆ ಹೇಳಿದೆ. ಸಾವ್ಕಾರರು ಬಗ್ಗಿ ಮೂಸಿದ್ದು ಹೇಳಿದೆ. ಫಿಲೋಮೆನಾ ತಿರುಗಿ ಅವರನ್ನು ಒಮ್ಮೆ ನೋಡಿದಳು, ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ, ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದಳು. ಅವರು ಕೇಳಿದರು. ಕಿಂಡಿಗಳನ್ನು ನೋಡಿದರು. "ವೆರಿ ಇಂಟರೆಸ್ಟಿಂಗ್," ಎಂದರು. ರುಚಿ ನೋಡುವ ಕೋಣೆ ಯಾವ ಕಡೆ ಎಂದು ಕೇಳಿದರು.

ಊಟದ ಮೇಜು

ಊಟಕ್ಕೆ ಉದ್ದ ಮೇಜು. ಅಲ್ಲಿ ಯಜಮಾನರೂ ಕೆಲಸದವರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ತಟ್ಟೆ ಖಾಲಿಯಾದರೆ ರೊಟ್ಟಿಯಿಂದ ಒರೆಸಿ ತಿನ್ನುತ್ತಾರೆ. ನನ್ನ ಎದುರಿಗೆ ಉಪ್ಪು ಹಾಕಿ ಒಣಗಿಸಿದ ಮೀನಿನ ಪಲ್ಯ ಇತ್ತು. ಉಪ್ಪುಮೀನಿನ ವಾಸನೆಗೆ ಅಮ್ಮನ ನೆನಪಾಗಬೇಕಿತ್ತು. ಆಗಲಿಲ್ಲ. ತಟ್ಟೆಯನ್ನು ಮುಂದಕ್ಕೆ ತಳ್ಳಿದೆ.

ನಿತಿನ ಪಕ್ಕದಲ್ಲಿ ಕೂತಿದ್ದ. ಅವನೂ ಉಣ್ಣುತ್ತಿರಲಿಲ್ಲ.

"ನಿಮಗೆ ಇದು ಗೊತ್ತಿತ್ತಾ?" ಎಂದೆ.

ಅವನು ಚಮಚ ಕೆಳಗಿಟ್ಟ. "ನಾನು ನಕ್ಷೆಯಲ್ಲಿ ಹಾಕಿದ್ದೆ, ಜಲಜಕ್ಕ. ಕೆಳಗಿನ ಗದ್ದೆ ಬದಿಗೆ ಮೂರು ಕಿಂಡಿ, ಒಂದು ಫ್ಯಾನು. ಪುಸ್ತಕದಲ್ಲಿ ಹಾಗಿತ್ತು. ಮಾವ ಬೇಡ ಅಂದ್ರು. ಆ ಬದಿಯಲ್ಲಿ ಗಾರ್ಡನ್ ಬರ್ತದೆ, ಅತಿಥಿಗಳು ಕೂತ್ಕೊಳ್ಳುವಲ್ಲಿ ಹುಳಿ ವಾಸನೆ ಬರಬಾರದು ಅಂತ."

"ಶೀನಣ್ಣ ಸತ್ತ ದಿನ ಇದನ್ನು ಯಾಕೆ ಹೇಳಲಿಲ್ಲ?"

ಅವನು ರೊಟ್ಟಿಯನ್ನು ಚೂರು ಚೂರು ಮಾಡತೊಡಗಿದ.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಮೇಜು ನನ್ನ ಕಡೆ ತಿರುಗಿತು. ನಾನು ಸಾವ್ಕಾರರ ಎದುರಿಗೆ ಕಿರುಚಿ ಮಾತಾಡಿದ್ದು ಅದೇ ಮೊದಲು. "ನೀವ್ ಕೊಂದದ್ ಅವ್ರನ್ನ! ಕೊಂದದ್ದಲ್ದೆ ಕುಡ್ಕ ಅಂದ್ರಿ! ವಾಸ್ನೆ ಬತ್ತ್ ಅಂದೇಳಿ ಕಿಂಡಿ ಬ್ಯಾಡ ಅಂದ್ರಿ, ಸತ್ತ್ ಬಿದ್ದಲ್ ಬಗ್ಗಿ ವಾಸ್ನೆ ಕಂಡ್ರಿ!"

ಸಾವ್ಕಾರರ ಮುಖ ಕೆಂಪಾಯಿತು. ಸುತ್ತ ನೋಡಿ ಹಲ್ಲು ತೋರಿಸಿದರು. "ಕೂತ್ಕೋ ಜಲಜ. ಬೇರೆ ದೇಶದಲ್ ಮರ್ಯಾದೆ ತೆಗಿಬೇಡ. ಊರಿಗೆ ಹೋಯಿ ಮಾತಾಡ್ವ."

"ಊರಂಗೂ ಮಾತಾಡ್ತೆ," ಎಂದೆ.

ಒಬ್ಬಳೇ ಹೊರಗೆ ಹೋಗಿ ಹೊಳೆಯ ಗೇಟಿನವರೆಗೂ ಇಳಿದೆ. ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಅಳು ಬರಲಿಲ್ಲ. ಅವರ ಮೇಲಿನ ಸಿಟ್ಟು ಒಂದು ಕಡೆ. ನನ್ನ ಮೇಲಿನದು ಇನ್ನೊಂದು ಕಡೆ. ಶೀನಣ್ಣ ಬಿದ್ದ ಆ ಮೆಟ್ಟಿಲಿನ ಮೇಲೆ ನನ್ನ ಮೊಣಕಾಲೇ ನನಗೆ ನಿಜ ಹೇಳಿತ್ತು. ನಾನು ಅದನ್ನು ಕೇಳಿಸಿಕೊಳ್ಳದೆ ಎರಡು ವರ್ಷ ಅವರ ಮಾತನ್ನು ಕೇಳಿಸಿಕೊಂಡಿದ್ದೆ. ಗೇಟಿನ ಕಾವಲುಗಾರ ನನಗೆ ಕೂರಲು ತನ್ನ ಕುರ್ಚಿ ಬಿಟ್ಟುಕೊಟ್ಟು ತಾನು ನಿಂತ. ಆ ದೇಶದಲ್ಲಿ ನನಗೆ ಒಳ್ಳೆಯದು ಮಾಡಿದವರೆಲ್ಲ ಭಾಷೆ ತಿಳಿಯದವರೇ, ಫಿಲೋಮೆನಾ ಒಬ್ಬಳನ್ನು ಬಿಟ್ಟು.

ಬೈಂದೂರು

ಊರಿಗೆ ಬಂದ ಮೇಲೆ ಘಟಕದಲ್ಲಿ ಆದದ್ದನ್ನು ಮೊದಲು ಮುಗಿಸುತ್ತೇನೆ. ರಜೆ ಕಳೆದು ಬಾಗಿಲು ತೆರೆದ ಒಂದು ಬೆಳಿಗ್ಗೆ ನಾನು ಹೆಂಗಸರನ್ನೂ ಗಂಡಸರನ್ನೂ ಮೆಟ್ಟಿಲ ಬಾಗಿಲಲ್ಲಿ ನಿಲ್ಲಿಸಿ, ಬಕೆಟ್ಟಿನಲ್ಲಿ ಮೇಣದಬತ್ತಿ ಇಟ್ಟು ಹಗ್ಗದಿಂದ ಕೆಳಗೆ ಬಿಟ್ಟೆ. ತಳ ಮುಟ್ಟುವ ಮೊದಲೇ ಆರಿತು. ಆ ದಿನದಿಂದ ಒಬ್ಬರೂ ಇಳಿಯಲಿಲ್ಲ. ಸಾವ್ಕಾರರು ನನ್ನನ್ನು ಕೆಲಸದಿಂದ ತೆಗೆದರು. ನಾನು ಕಾರ್ಖಾನೆ ಇಲಾಖೆಗೆ ಅರ್ಜಿ ಬರೆದೆ, ನಿತಿನ ಹಳೆಯ ನಕ್ಷೆಯ ಪ್ರತಿ ಕಳಿಸಿದ, ಅದೊಂದು ಒಳ್ಳೆಯದು ಮಾಡಿದ. ಬಂದು ನೋಡಿದವರು ಹೊಂಡಕ್ಕೆ ಬೀಗ ಹಾಕಿಸಿದರು. ಟ್ಯಾಂಕುಗಳು ಮೇಲೆ ಬಂದವು. ಶೀನಣ್ಣನ ಸಾವಿಗೆ ಮಾತ್ರ ಯಾರೂ ಹೊಣೆಯಾಗಲಿಲ್ಲ. ಸುಟ್ಟ ಹೆಣ ಸಾಕ್ಷಿ ಹೇಳುವುದಿಲ್ಲವಂತೆ. ನೀಲಿ ಟೈಲ್ಸಿನ ಹಾಲು ಈಗಲೂ ಇದೆ. ಕಾರಂಜಿಯೂ ಇದೆ. ಆ ಮಾರ್ಗದಲ್ಲಿ ಬಸ್ಸು ಹೋಗುವಾಗ ನಾನು ಇನ್ನೊಂದು ಬದಿಗೆ ಮುಖ ತಿರುಗಿಸುತ್ತೇನೆ.

ಅದೆಲ್ಲಕ್ಕೂ ಮೊದಲು, ಮಂಗಳೂರಿನಲ್ಲಿ ಇಳಿದ ದಿನವೇ, ನಾನು ಕೋಡಿಗೆ ಹೋಗಲಿಲ್ಲ. ಕುಂದಾಪುರದಲ್ಲಿ ಬಸ್ಸು ಬದಲಿಸಿ ನೇರ ಬೈಂದೂರಿಗೆ ಹೋದೆ. ಶೀನಣ್ಣನ ಮನೆ ಕಡಲಿನ ಕಡೆಯ ಓಣಿಯಲ್ಲಿ. ಸಾಲಾಗಿ ಐದಾರು ಮನೆ. ಅವನ ಹೆಂಡತಿ ಗಿರಿಜ ಅಂಗಳದಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಎರಡು ವರ್ಷದಲ್ಲಿ ನಾನು ಅಲ್ಲಿಗೆ ಒಮ್ಮೆಯೂ ಹೋದವಳಲ್ಲ.

ನಿಂತೇ ಹೇಳಿದೆ. ಅನಿಲದ ವಿಷಯ, ದೀಪ ಆರಿದ್ದು, ಕಿಂಡಿ, ನಕ್ಷೆ. ಕೊನೆಗೆ ಹೇಳಿದೆ, "ಗಿರಿಜಕ್ಕ, ಅವ್ರ್ ಕುಡ್ದ್ ಬಿದ್ದದ್ದಲ್ಲ."

ಅವಳ ಕೈ ನಿಲ್ಲಲಿಲ್ಲ. ಗರಿಯ ಮೇಲೆ ಗರಿ ಮಡಚುತ್ತಲೇ ಇದ್ದಳು.

"ನಂಗ್ ಅವತ್ತೇ ಗೊತ್ತಿದ್ದಿತ್," ಎಂದಳು. "ಇಪ್ಪತ್ತೇಳ್ ವರ್ಷ ಒಟ್ಟಿಗ್ ಇದ್ದವ್ಳ್ ನಾನ್. ಅವ್ರ್ ಎಂತ ಅಂದೇಳಿ ನಂಗ್ ಗೊತ್ತಿಲ್ಯಾ? ನಿಮ್ಗ್ ಗೊತ್ತಾಪ್ಕೆ ಅಷ್ಟ್ ದೂರ ಹೋಯ್ಕಾಯ್ತಾ ಜಲಜಕ್ಕ?"

ತಪ್ಪಾಯಿತು ಎಂದೆ. ಅವಳು ಅದನ್ನು ಕೇಳಿದ ಹಾಗೆ ಕಾಣಲಿಲ್ಲ. ಮಡಲನ್ನು ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ನನ್ನ ರಟ್ಟೆ ಹಿಡಿದಳು. ಮೀನುಗಾರ್ತಿಯ ಮಗಳ ರಟ್ಟೆಯೇ ನೋಯುವಷ್ಟು ಬಿಗಿಯಾಗಿ ಹಿಡಿದು ಬೇಲಿಯ ಹತ್ತಿರ ಎಳೆದುಕೊಂಡು ಹೋದಳು.

"ಹ್ವಾಯ್ ಸರಸಕ್ಕ! ಒಂಚೂರ್ ಹೊರ್ಗ್ ಬನ್ನಿ. ಇವ್ರ್ ಸೂಪರ್‌ವೈಸರ್. ಒಂದ್ ಮಾತ್ ಹೇಳ್ತ್ರ್, ಕೇಣಿ."

ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದಳು. ನಾನು ಹೇಳಿದೆ. ಅಲ್ಲಿಂದ ಮುಂದಿನ ಮನೆ. ಅಲ್ಲಿಯೂ ಹೇಳಿದೆ. ಆಮೇಲೆ ಎದುರಿನ ಮನೆ. ಗಿರಿಜ ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ಓಣಿಯ ಕೊನೆಯ ಮನೆಯ ಜಗಲಿಯಲ್ಲಿ ಮುದುಕರೊಬ್ಬರು ಬಲೆ ಹೊಲಿಯುತ್ತಿದ್ದರು. ನಾನು ಹೇಳಿ ಮುಗಿಸಿದೆ. ಅವರು ಸೂಜಿಯಿಂದ ಕಣ್ಣು ಎತ್ತಲಿಲ್ಲ.

"ಅವ್ರಿಗ್ ಕೆಮಿ ಮಂದ," ಎಂದಳು ಗಿರಿಜ. "ದೊಡ್ಡಕ್ ಹೇಳಿ."

ನಾನು ಗಂಟಲು ಎತ್ತರಿಸಿ, ಇಡೀ ಓಣಿಗೆ ಕೇಳುವ ಹಾಗೆ, ಮತ್ತೊಮ್ಮೆ ಮೊದಲಿನಿಂದ ಹೇಳಿದೆ.